ಮದ್ದಿಗೆ ಮಣಿಯದ ರಕ್ತದೊತ್ತಡ

ಜ್ವರ ಬಂದರೆ ಮೈ ಸುಡುತ್ತದೆ. ಹಲ್ಲು ನೊಂದರೆ ನಿದ್ದೆ ಹಾರಿಹೋಗುತ್ತದೆ. ಆದರೆ ರಕ್ತದೊತ್ತಡವು ಏರಿದಾಗ ಶರೀರವು ಸಾಮಾನ್ಯವಾಗಿ ಯಾವ ಸೂಚನೆಯನ್ನೂ ಕೊಡುವುದಿಲ್ಲ. ಹತ್ತಾರು ವರ್ಷ ಸದ್ದಿಲ್ಲದೆ ಇದ್ದು, ಒಂದು ದಿನ ಪಾರ್ಶ್ವವಾಯುವಿನ ರೂಪದಲ್ಲಿಯೋ ಹೃದಯಾಘಾತದ ರೂಪದಲ್ಲಿಯೋ ಅದು ತನ್ನ ಇರವನ್ನು ಸಾರುತ್ತದೆ. ಈ ಮಾತು ನಮ್ಮ ಓದುಗರಿಗೆ ಹೊಸದೇನಲ್ಲ. ಈ ಸಲ ನಾವು ಹೇಳಹೊರಟಿರುವುದು ಅದರ ಮುಂದಿನ ಘಟ್ಟದ ವಿಚಾರವನ್ನು: ರೋಗ ಪತ್ತೆಯಾಗಿದೆ, ಚಿಕಿತ್ಸೆ ನಡೆದಿದೆ, ಆದರೂ ಒತ್ತಡ ಇಳಿದಿಲ್ಲ. ಅಂಥವರ ಸಂಖ್ಯೆ ಎಷ್ಟು? ಅವರು ಯಾರು? ಅವರಿಗೆ ಹಾಗೇಕಾಗುತ್ತದೆ?

ಇಂಥ ಮನೆಗಳ ಚಿತ್ರ ಹೆಚ್ಚುಕಡಿಮೆ ಒಂದೇ ತೆರನಾಗಿರುತ್ತದೆ. ಹಿರಿಯರಿಗೆ ಮೊದಲ ವರ್ಷ ಒಂದು ಗುಳಿಗೆ, ಮರುವರ್ಷ ಎರಡು, ಅದರ ಮರುವರ್ಷ ಮೂರು. ವೈದ್ಯರ ಬಳಿಗೆ ಹೋದಾಗಲೆಲ್ಲ ಮೇಲಿನ ಅಂಕಿ 160, ಇಲ್ಲವೇ 170. ಆಗ ಮನೆಯಲ್ಲಿ ಎರಡು ಬಗೆಯ ಮಾತು ಹುಟ್ಟುತ್ತದೆ. “ಈ ಡಾಕ್ಟರ ಕೈಗುಣ ಸರಿಯಿಲ್ಲ, ಬೇರೆಯವರಿಗೆ ತೋರಿಸೋಣ” ಎಂಬುದು ಮೊದಲನೆಯದು. “ಇಷ್ಟು ನುಂಗಿದರೂ ಇಳಿಯದ ಮೇಲೆ ಇನ್ನು ನುಂಗುವುದು ಏತಕ್ಕೆ?” ಎಂಬುದು ಎರಡನೆಯದು. ಮೊದಲನೆಯ ಮಾತಿನಿಂದ ಹಣ ಮತ್ತು ಸಮಯ ವ್ಯರ್ಥವಾದೀತು. ಎರಡನೆಯದರಿಂದ ಪ್ರಾಣಕ್ಕೇ ಸಂಚಕಾರ ಬಂದೀತು. ಆದುದರಿಂದ ಈ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ನೋಡುವುದು ಅಗತ್ಯವೆಂದು ನಾವು ಭಾವಿಸಿದ್ದೇವೆ.

ಯಾವುದನ್ನು ‘ಮಣಿಯದ ಒತ್ತಡ’ ಎನ್ನಬೇಕು?

ವೈದ್ಯಶಾಸ್ತ್ರದಲ್ಲಿ ಇದಕ್ಕೊಂದು ಖಚಿತವಾದ ವ್ಯಾಖ್ಯೆ ಇದೆ. ಬೇರೆ ಬೇರೆ ವರ್ಗಕ್ಕೆ ಸೇರಿದ ಮೂರು ಔಷಧಿಗಳನ್ನು, ರೋಗಿಯು ತಾಳಿಕೊಳ್ಳಬಹುದಾದ ಗರಿಷ್ಠ ಪ್ರಮಾಣದಲ್ಲಿ, ತಪ್ಪದೆ ತೆಗೆದುಕೊಂಡರೂ ಒತ್ತಡವು ಗುರಿಗಿಂತ ಮೇಲೆಯೇ ಉಳಿದರೆ ಅದು ಚಿಕಿತ್ಸೆಗೆ ಮಣಿಯದ ರಕ್ತದೊತ್ತಡ. ಆ ಮೂರರಲ್ಲಿ ಒಂದು, ಮೂತ್ರದ ಮೂಲಕ ಉಪ್ಪುನೀರನ್ನು ಹೊರಹಾಕುವ ಮೂತ್ರವರ್ಧಕ ಔಷಧಿಯಾಗಿರಬೇಕು. ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಔಷಧಿಗಳಿಂದ ಮಾತ್ರ ಒತ್ತಡ ಹತೋಟಿಗೆ ಬಂದಿದ್ದರೆ, ಅವರನ್ನೂ ಇದೇ ಗುಂಪಿಗೆ ಸೇರಿಸುತ್ತಾರೆ. ಅಮೆರಿಕದ ಹೃದಯ ಸಂಘವು 2008ರಲ್ಲಿ ಈ ವ್ಯಾಖ್ಯೆಯನ್ನು ಪ್ರಕಟಿಸಿ, 2018ರಲ್ಲಿ ಪರಿಷ್ಕರಿಸಿತು. ಪರಿಷ್ಕರಣೆಯಲ್ಲಿ ಎರಡು ಷರತ್ತುಗಳಿಗೆ ಒತ್ತು ಬಿದ್ದಿತು: ರೋಗಿಯು ಗುಳಿಗೆಗಳನ್ನು ನಿಜವಾಗಿ ತೆಗೆದುಕೊಳ್ಳುತ್ತಿರುವುದು ಖಚಿತವಾಗಿರಬೇಕು, ಆಸ್ಪತ್ರೆಯ ಹೊರಗೂ ಒತ್ತಡ ಏರಿಯೇ ಇದೆಯೆಂಬುದು ಅಳತೆಯಿಂದ ಸಿದ್ಧವಾಗಿರಬೇಕು.

ಈ ವ್ಯಾಖ್ಯೆಯ ಒಂದೊಂದು ಪದವೂ ಮುಖ್ಯ. ಎರಡು ಗುಳಿಗೆಗೆ ಇಳಿಯದಿದ್ದರೆ ಅದು ಮಣಿಯದ ಒತ್ತಡವಲ್ಲ. ಚಿಕಿತ್ಸೆ ಇನ್ನೂ ಪೂರ್ತಿಯಾಗಿಲ್ಲವೆಂದು ಅರ್ಥ. ಮೂರು ಗುಳಿಗೆಗಳಿದ್ದರೂ ಅವು ಅಲ್ಪಪ್ರಮಾಣದಲ್ಲಿದ್ದರೆ, ಅಥವಾ ಅವುಗಳಲ್ಲಿ ಮೂತ್ರವರ್ಧಕ ಇಲ್ಲದಿದ್ದರೆ, ಆಗಲೂ ಅಷ್ಟೇ.

ಎಷ್ಟು ಜನರಲ್ಲಿ?

ಅಮೆರಿಕದಲ್ಲಿ 2003ರಿಂದ 2008ರವರೆಗೆ ನಡೆದ ರಾಷ್ಟ್ರೀಯ ಆರೋಗ್ಯ ಸಮೀಕ್ಷೆಯ ಅಂಕಿಗಳನ್ನು ಲೆಕ್ಕಹಾಕಿದಾಗ, ಏರೊತ್ತಡವುಳ್ಳ ವಯಸ್ಕರಲ್ಲಿ ಶೇ. 8.9ರಷ್ಟು ಜನ, ಅವರ ಪೈಕಿ ಔಷಧಿ ತೆಗೆದುಕೊಳ್ಳುತ್ತಿದ್ದವರಲ್ಲಿ ಶೇ. 12.8ರಷ್ಟು ಜನ ಈ ಗುಂಪಿಗೆ ಸೇರಿದರು. ಅಂದರೆ ಚಿಕಿತ್ಸೆಯಲ್ಲಿರುವ ಎಂಟು ಜನರಲ್ಲಿ ಒಬ್ಬರು.

ಸ್ಪೇನ್ ದೇಶದ ಅಧ್ಯಯನವೊಂದು ಈ ಲೆಕ್ಕವನ್ನು ಇನ್ನಷ್ಟು ಜರಡಿ ಹಿಡಿಯಿತು. ಅಲ್ಲಿ ಚಿಕಿತ್ಸೆಯಲ್ಲಿದ್ದ 68,045 ರೋಗಿಗಳ ದಾಖಲೆಗಳನ್ನು ಪರಿಶೀಲಿಸಲಾಯಿತು. ಅವರ ಪೈಕಿ 8,295 ಮಂದಿಯ ಒತ್ತಡ, ಅಂದರೆ ಶೇ. 12.2ರಷ್ಟು ಜನರದು, ಮೂರು ಅಥವಾ ಹೆಚ್ಚು ಔಷಧಿಗಳಿಗೂ ಬಗ್ಗಿರಲಿಲ್ಲ. ಆದರೆ ಇವರೆಲ್ಲರಿಗೂ ತೋಳಿಗೆ ಕಟ್ಟುವ ಪುಟ್ಟ ಯಂತ್ರದ ಮೂಲಕ ಇಪ್ಪತ್ನಾಲ್ಕು ಗಂಟೆಗಳ ಕಾಲ, ಎಚ್ಚರದಲ್ಲಿಯೂ ನಿದ್ದೆಯಲ್ಲಿಯೂ, ಒತ್ತಡವನ್ನು ಅಳೆಯಲಾಗಿತ್ತು. 2011ರಲ್ಲಿ ಪ್ರಕಟವಾದ ಫಲಿತಾಂಶವು ವೈದ್ಯಲೋಕದ ಗಮನ ಸೆಳೆಯಿತು. ಆ ಎಂಟು ಸಾವಿರ ಚಿಲ್ಲರೆ ಜನರಲ್ಲಿ ಶೇ. 37.5ರಷ್ಟು ಮಂದಿಯ ಒತ್ತಡ ದಿನವಿಡೀ ಹತೋಟಿಯಲ್ಲಿಯೇ ಇತ್ತು! ಅದು ಏರುತ್ತಿದ್ದುದು ವೈದ್ಯರ ಬಿಳಿಯ ಕೋಟನ್ನು ಕಂಡಾಗ ಮಾತ್ರ.

2019ರಲ್ಲಿ ಜಗತ್ತಿನ 91 ಅಧ್ಯಯನಗಳನ್ನು, ಒಟ್ಟು ಮೂವತ್ತೆರಡು ಲಕ್ಷಕ್ಕೂ ಹೆಚ್ಚು ರೋಗಿಗಳ ವಿವರಗಳನ್ನು ಒಂದೆಡೆ ಕೂಡಿಸಿ ನೋಡಿದಾಗ, ಚಿಕಿತ್ಸೆಯಲ್ಲಿರುವವರಲ್ಲಿ ನಿಜವಾಗಿ ಮಣಿಯದ ಒತ್ತಡವುಳ್ಳವರು ಶೇ. 10ರಷ್ಟೆಂದು ಕಂಡುಬಂದಿತು. ಮೂತ್ರಪಿಂಡಗಳು ದುರ್ಬಲಗೊಂಡವರಲ್ಲಿ ಈ ಪ್ರಮಾಣ ಸುಮಾರು ಶೇ. 23, ಮೂತ್ರಪಿಂಡದ ಕಸಿ ಮಾಡಿಸಿಕೊಂಡವರಲ್ಲಿ ಅರ್ಧಕ್ಕೂ ಮಿಗಿಲು.

ಇನ್ನು ನಮ್ಮ ದೇಶದ ಪರಿಸ್ಥಿತಿಯನ್ನು ನೋಡುವಾಗ ಒಂದು ವಿವೇಚನೆ ಅಗತ್ಯ. ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಭಾರತದಲ್ಲಿ 30ರಿಂದ 79 ವರ್ಷ ವಯಸ್ಸಿನ ಸುಮಾರು 18 ಕೋಟಿ 80 ಲಕ್ಷ ಜನರಿಗೆ ಏರೊತ್ತಡವಿದೆ. ಅವರಲ್ಲಿ ಶೇ. 37ರಷ್ಟು ಜನರಿಗೆ ಮಾತ್ರ ಅದು ಗೊತ್ತಾಗಿದೆ, ಶೇ. 30ರಷ್ಟು ಜನ ಔಷಧಿ ತೆಗೆದುಕೊಳ್ಳುತ್ತಿದ್ದಾರೆ, ಶೇ. 15ರಷ್ಟು ಜನರಲ್ಲಿ ಮಾತ್ರ ಒತ್ತಡ ಹತೋಟಿಯಲ್ಲಿದೆ. ಹತೋಟಿಯಲ್ಲಿಲ್ಲದವರೆಲ್ಲ ‘ಮದ್ದಿಗೆ ಮಣಿಯದವರು’ ಎಂದು ತಿಳಿದರೆ ತಪ್ಪಾದೀತು. ಅವರಲ್ಲಿ ಬಹುಪಾಲು ಜನರಿಗೆ ಮದ್ದೇ ಮುಟ್ಟಿಲ್ಲ, ಇಲ್ಲವೇ ಸಾಕಷ್ಟು ಮುಟ್ಟಿಲ್ಲ. ಮುಟ್ಟದ ಮದ್ದಿಗೆ ರೋಗ ಮಣಿಯುವುದಾದರೂ ಹೇಗೆ?

ಮೊದಲು ಅಳತೆ ಸರಿಯಿರಲಿ

ಸ್ಪೇನ್ ದೇಶದ ಆ ಅಧ್ಯಯನ ನಮಗೆ ಕಲಿಸುವ ಮೊದಲ ಪಾಠ ಅಳತೆಯದು. ಬಸ್ಸಿಳಿದು ಬಿಸಿಲಿನಲ್ಲಿ ನಡೆದು, ಮೆಟ್ಟಿಲು ಹತ್ತಿ, ಚೀಟಿ ಮಾಡಿಸಲು ಸರದಿಯಲ್ಲಿ ನಿಂತು, ವೈದ್ಯರ ಮುಂದೆ ಕುಳಿತೊಡನೆ ತೋಳು ಚಾಚಿದರೆ ಬರುವ ಅಂಕಿ ನಮ್ಮ ನಿತ್ಯದ ಅಂಕಿಯಾಗಲಾರದು. ಐದು ನಿಮಿಷ ಸುಮ್ಮನೆ ಕುಳಿತಿರಬೇಕು. ಬೆನ್ನಿಗೆ ಆಸರೆ, ನೆಲದ ಮೇಲೆ ಪಾದ, ಹೃದಯದ ಮಟ್ಟಕ್ಕೆ ತೋಳು ಇರಬೇಕು. ಅದಕ್ಕೆ ಮುಂಚಿನ ಅರ್ಧ ಗಂಟೆಯಲ್ಲಿ ಚಹಾ, ಕಾಫಿ, ತಂಬಾಕು ಸಲ್ಲದು. ಮೂತ್ರ ತುಂಬಿಕೊಂಡಿರಬಾರದು. ಅಳೆಯುವಾಗ ಮಾತನಾಡಬಾರದು. ಇವು ಸಣ್ಣ ಸಂಗತಿಗಳಂತೆ ತೋರಿದರೂ ಒಂದೊಂದೂ ಅಂಕಿಯನ್ನು ಮೇಲೆತ್ತಬಲ್ಲದು.

ತೋಳಿಗೆ ಸುತ್ತುವ ಪಟ್ಟಿಯ ಅಳತೆಯೂ ಅಷ್ಟೇ ಮುಖ್ಯ. ದಪ್ಪ ತೋಳಿಗೆ ಸಾಮಾನ್ಯ ಪಟ್ಟಿಯನ್ನು ಬಿಗಿದರೆ ಒತ್ತಡವು ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಅತಿ ದೊಡ್ಡ ಪಟ್ಟಿ ಬೇಕಾಗಿದ್ದವರಿಗೆ ಸಾಮಾನ್ಯ ಪಟ್ಟಿಯನ್ನು ಕಟ್ಟಿ ನೋಡಿದಾಗ ಮೇಲಿನ ಅಂಕಿಯು ಸರಾಸರಿ 19ಕ್ಕೂ ಹೆಚ್ಚು ಏರಿ ಕಂಡಿತು. ಒಂದು ಗುಳಿಗೆಯಿಂದ ಇಳಿಯುವ ಒತ್ತಡಕ್ಕಿಂತಲೂ ಇದು ದೊಡ್ಡ ವ್ಯತ್ಯಾಸ!

ಆದುದರಿಂದ ಮನೆಯಲ್ಲಿಯೇ ತೋಳಿಗೆ ಕಟ್ಟುವ ಯಂತ್ರವೊಂದನ್ನು ಇಟ್ಟುಕೊಂಡು, ವೈದ್ಯರನ್ನು ಕಾಣುವ ಮುಂಚಿನ ಒಂದು ವಾರ ಬೆಳಿಗ್ಗೆ ಎರಡು ಸಲ, ಸಂಜೆ ಎರಡು ಸಲ ಅಳೆದು ಬರೆದಿಡುವುದು ಉತ್ತಮ. ಮೊದಲ ದಿನದ ಅಂಕಿಗಳನ್ನು ಬಿಟ್ಟು ಉಳಿದವುಗಳ ಸರಾಸರಿ ತೆಗೆಯಬೇಕು. ಆಸ್ಪತ್ರೆಯ 140/90ಕ್ಕೆ ಮನೆಯ 135/85 ಸಮವೆಂದು ವೈದ್ಯರು ಗಣಿಸುತ್ತಾರೆ. ಆ ಒಂದು ಹಾಳೆ, ಆಸ್ಪತ್ರೆಯಲ್ಲಿ ಒಮ್ಮೆ ತೆಗೆದ ಅಂಕಿಗಿಂತ ಹೆಚ್ಚಿನ ಸತ್ಯವನ್ನು ಹೇಳುತ್ತದೆ.

ನುಂಗದ ಗುಳಿಗೆ

ಎರಡನೆಯ ಪಾಠ ಇನ್ನೂ ಸೂಕ್ಷ್ಮವಾದುದು. ಮಣಿಯದ ಒತ್ತಡವೆಂದು ದೊಡ್ಡ ಆಸ್ಪತ್ರೆಗಳಿಗೆ ಕಳುಹಿಸಲ್ಪಟ್ಟವರ ಮೂತ್ರವನ್ನು ಪರೀಕ್ಷಿಸಿ, ಅದರಲ್ಲಿ ಔಷಧಿಯ ಅಂಶವಿದೆಯೇ ಎಂದು ಹುಡುಕಿದ ಅಧ್ಯಯನಗಳಿವೆ. ಅವುಗಳಲ್ಲಿ ಕೆಲವು ಕಡೆ ಸುಮಾರು ಅರ್ಧದಷ್ಟು ಜನ ಎಲ್ಲ ಗುಳಿಗೆಗಳನ್ನು ತೆಗೆದುಕೊಳ್ಳುತ್ತಿರಲಿಲ್ಲವೆಂದು ತಿಳಿದುಬಂದಿದೆ. ಕೆಲವರಂತೂ ಒಂದನ್ನೂ ನುಂಗಿರಲಿಲ್ಲ.

ಇದನ್ನು ಕೇಳಿ ರೋಗಿಯನ್ನು ಗದರಿಸಲು ಹೊರಡುವುದು ವಿವೇಕವಲ್ಲ. ಗುಳಿಗೆ ಬಿಡುವುದಕ್ಕೆ ಕಾರಣಗಳಿರುತ್ತವೆ. ತಿಂಗಳ ಕೊನೆಗೆ ಹಣ ಸಾಲದೆ ಹೋಗಿರಬಹುದು. ಮೂತ್ರವರ್ಧಕ ತೆಗೆದುಕೊಂಡರೆ ಬಸ್ ಪ್ರಯಾಣ ಕಷ್ಟವೆಂದು ಊರಿಗೆ ಹೋಗುವ ದಿನ ಬಿಟ್ಟಿರಬಹುದು. ಪಾದ ಬಾತಿರಬಹುದು, ಒಣಕೆಮ್ಮು ಹತ್ತಿರಬಹುದು. ಇವು ಕೆಲವು ಔಷಧಿಗಳ ತಿಳಿದ ಅಡ್ಡಪರಿಣಾಮಗಳು. ವಯಸ್ಸಾದವರಲ್ಲಿ ಮರೆವು ಸಹಜ. ‘ಬಿ.ಪಿ. ನಾರ್ಮಲ್ ಆಯಿತು’ ಎಂದು ಕೇಳಿದ ಮರುದಿನವೇ ಗುಳಿಗೆ ನಿಲ್ಲಿಸುವವರು ಎಷ್ಟಿಲ್ಲ? ಸೊಸೆಯ ಮುಂದೆ, ಮಗನ ಮುಂದೆ ಇದನ್ನು ಹೇಳಿಕೊಳ್ಳಲು ಹಿರಿಯರಿಗೆ ಸಂಕೋಚ. ವೈದ್ಯರ ಮುಂದೆ ಭಯ. ಪರಿಣಾಮವಾಗಿ ವೈದ್ಯರು ನಾಲ್ಕನೆಯ ಗುಳಿಗೆ ಬರೆಯುತ್ತಾರೆ, ಐದನೆಯದನ್ನು ಬರೆಯುತ್ತಾರೆ. ಎಂದಾದರೊಂದು ದಿನ ರೋಗಿಯು ಆಸ್ಪತ್ರೆಯಲ್ಲಿ ದಾಖಲಾಗಿ ದಾದಿಯರು ಐದನ್ನೂ ನುಂಗಿಸಿದಾಗ ಒತ್ತಡ ಒಮ್ಮೆಲೇ ಕುಸಿದು ತಲೆ ಸುತ್ತಿ ಬೀಳುತ್ತಾರೆ. ಬಿಟ್ಟ ಗುಳಿಗೆಯನ್ನು ಹೇಳಿಬಿಡುವುದು ಎಷ್ಟು ಅಗತ್ಯವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಯಾರಿಗೆ ಈ ತೊಂದರೆ ಹೆಚ್ಚು?

ಅಳತೆ ಸರಿಯಿದೆ, ಗುಳಿಗೆ ತಪ್ಪಿಲ್ಲ. ಆದರೂ ಒತ್ತಡ ಇಳಿದಿಲ್ಲ. ಅಂಥವರಲ್ಲಿ ಕೆಲವು ಲಕ್ಷಣಗಳು ಪದೇ ಪದೇ ಕಂಡುಬರುತ್ತವೆ. ವಯಸ್ಸು ಅವುಗಳಲ್ಲಿ ಮೊದಲನೆಯದು. ವಯಸ್ಸಾದಂತೆ ರಕ್ತನಾಳಗಳು ಬಿರುಸಾಗಿ ಮೇಲಿನ ಅಂಕಿ ಏರುತ್ತದೆ. ಬೊಜ್ಜು ಎರಡನೆಯದು. ಮಧುಮೇಹ ಮೂರನೆಯದು. ಮೂತ್ರಪಿಂಡಗಳ ದೌರ್ಬಲ್ಯ ನಾಲ್ಕನೆಯದು. ದೀರ್ಘಕಾಲ ಚಿಕಿತ್ಸೆಯಿಲ್ಲದೆ ಉಳಿದ ಏರೊತ್ತಡ, ಅದರಿಂದ ದಪ್ಪಗಾದ ಹೃದಯದ ಗೋಡೆ ಐದನೆಯದು. ಮೊದಲೇ ಪತ್ತೆಮಾಡಿ ಇಳಿಸಿದ್ದರೆ ಸುಲಭವಾಗಿ ಬಗ್ಗುತ್ತಿದ್ದ ಒತ್ತಡವು, ತಡವಾದಂತೆ ತಾನೇ ಹಟಮಾರಿಯಾಗುತ್ತದೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ನಮ್ಮ ಹಿರಿಯರ ಮಾತು ಇಲ್ಲಿಗೂ ಸಲ್ಲುತ್ತದೆ.

ಇವುಗಳೊಂದಿಗೆ ಬರುವುದು ಉಪ್ಪು. ಅಮೆರಿಕದ ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್ ನಗರದ ವೈದ್ಯರು 2009ರಲ್ಲಿ ಪ್ರಕಟಿಸಿದ ಅಧ್ಯಯನವು ಚಿಕ್ಕದಾದರೂ ಮರೆಯಲಾಗದಂಥದು. ಮಣಿಯದ ಒತ್ತಡವುಳ್ಳ ಹನ್ನೆರಡು ಜನರಿಗೆ ಔಷಧಿಗಳನ್ನು ಬದಲಿಸದೆ, ಒಂದು ವಾರ ಹೆಚ್ಚು ಉಪ್ಪಿನ ಆಹಾರ, ಇನ್ನೊಂದು ವಾರ ಕಡಿಮೆ ಉಪ್ಪಿನ ಆಹಾರ ಕೊಡಲಾಯಿತು. ಹೆಚ್ಚು ಎಂದರೆ ದಿನಕ್ಕೆ ಸುಮಾರು 15 ಗ್ರಾಂ ಉಪ್ಪು. ಕಡಿಮೆ ಎಂದರೆ ಸುಮಾರು 3 ಗ್ರಾಂ. ಉಪ್ಪು ಇಳಿದ ವಾರದಲ್ಲಿ ಮೇಲಿನ ಅಂಕಿ ಸರಾಸರಿ 22.7ರಷ್ಟು, ಕೆಳಗಿನ ಅಂಕಿ 9.1ರಷ್ಟು ಇಳಿಯಿತು. ಎರಡು ಗುಳಿಗೆಗಳ ಕೆಲಸವನ್ನು ಊಟದ ತಟ್ಟೆಯೊಂದೇ ಮಾಡಿತೆನ್ನಬೇಕು.

ನಮ್ಮ ಮನೆಗಳ ಊಟ ಶಾಕಾಹಾರ. ಆದುದರಿಂದ ನಮಗೆ ಈ ಭಯವಿಲ್ಲವೆಂದು ನಂಬಿದವರಿದ್ದಾರೆ. ಕಾಯಿಪಲ್ಲೆ, ಬೇಳೆಕಾಳು ಹಿತವೆಂಬುದು ನಿಜ. ಆದರೆ ಉಪ್ಪಿಗೆ ಶಾಕ, ಮಾಂಸ ಎಂಬ ಭೇದವಿಲ್ಲ. ಜೋಳದ ರೊಟ್ಟಿಯಲ್ಲಿ ಉಪ್ಪು ಇರುವುದಿಲ್ಲ ಅಥವಾ ಅತ್ಯಲ್ಪ. ಅದರ ಪಕ್ಕದಲ್ಲಿ ಬಡಿಸಿದ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಕೆಂಪು ಖಾರ, ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಮಜ್ಜಿಗೆ ಮೆಣಸಿನಕಾಯಿಗಳಲ್ಲಿ ಇರುವುದೆಷ್ಟು? ಹಪ್ಪಳದ ಖಾರದಲ್ಲಿಯೂ ಅಡುಗೆ ಸೋಡಾದಲ್ಲಿಯೂ ಉಪ್ಪಿನಲ್ಲಿರುವ ಸೋಡಿಯಂ ಅಂಶವೇ ಇದೆ. ದಿನಕ್ಕೆ 5 ಗ್ರಾಂ, ಅಂದರೆ ಒಂದು ಚಹಾ ಚಮಚೆಯಷ್ಟೂ ಆಗದ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಭಾರತೀಯರ ಸರಾಸರಿ ಬಳಕೆ 8 ಗ್ರಾಂಗಿಂತ ಕಡಿಮೆಯಿಲ್ಲ. ಸೈಂಧವ ಲವಣ ನಿರುಪದ್ರವಿಯೆಂಬ ನಂಬಿಕೆಯೂ ಇದೆ. ಅದರ ಬಹುಭಾಗವೂ ಸೋಡಿಯಂ ಕ್ಲೋರೈಡೇ. ಪೊಟ್ಯಾಸಿಯಂ ಬೆರೆಸಿದ ‘ಕಡಿಮೆ ಸೋಡಿಯಂ’ ಉಪ್ಪು ಹಲವರಿಗೆ ಒಳ್ಳೆಯದೇ. ಆದರೆ ಮೂತ್ರಪಿಂಡದ ತೊಂದರೆಯುಳ್ಳವರು ಮತ್ತು ಒತ್ತಡದ ಕೆಲವು ಗುಳಿಗೆಗಳನ್ನು ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಅದನ್ನು ಬಳಸಬಾರದು. ರಕ್ತದಲ್ಲಿ ಪೊಟ್ಯಾಸಿಯಂ ಮಿತಿಮೀರಿದರೆ ಹೃದಯದ ಬಡಿತಕ್ಕೇ ಅಪಾಯ.

ಗೊರಕೆಯನ್ನು ನಾವು ನಗೆಯ ವಿಷಯವನ್ನಾಗಿ ಮಾಡಿಕೊಂಡಿದ್ದೇವೆ. ಮಣಿಯದ ಒತ್ತಡವುಳ್ಳವರಲ್ಲಿ ಅರ್ಧಕ್ಕೂ ಹೆಚ್ಚು ಜನರಿಗೆ ನಿದ್ದೆಯಲ್ಲಿ ಉಸಿರು ತಡೆಯುವ ತೊಂದರೆಯಿದೆಯೆಂದು ಹಲವು ಅಧ್ಯಯನಗಳು ಹೇಳುತ್ತವೆ. ಗೊರಕೆ ನಡುನಡುವೆ ನಿಂತು, ಉಸಿರು ಕಟ್ಟಿ, ಮತ್ತೆ ಬೆಚ್ಚಿದಂತೆ ಉಸಿರೆಳೆಯುವುದು. ರಾತ್ರಿಯೆಲ್ಲ ಮಲಗಿದರೂ ಹಗಲು ತೂಕಡಿಕೆ ಬರುವುದು ಇದರ ಲಕ್ಷಣ. ಮಲಗಿದವರಿಗೆ ಇದು ತಿಳಿಯದು. ಪಕ್ಕದಲ್ಲಿ ಎಚ್ಚರಾದವರಿಗೆ ಮಾತ್ರ ತಿಳಿಯುತ್ತದೆ. ಆದುದರಿಂದ ವೈದ್ಯರ ಬಳಿಗೆ ಪತಿಯೊಡನೆ ಪತ್ನಿಯೂ, ಪತ್ನಿಯೊಡನೆ ಪತಿಯೂ ಹೋಗುವುದು ಒಳಿತು.

ಔಷಧಿಗೆ ಎದುರಾದ ಔಷಧಿ

ಒಂದು ಕೈಯಿಂದ ಒತ್ತಡದ ಗುಳಿಗೆ, ಇನ್ನೊಂದು ಕೈಯಿಂದ ಅದನ್ನು ಕೆಡಿಸುವ ಗುಳಿಗೆ ನುಂಗುವವರು ಅನೇಕರು. ಮೊಣಕಾಲು ನೋವಿಗೆ ಔಷಧಿ ಅಂಗಡಿಯಿಂದ ತಾವೇ ತಂದು ತಿಂಗಳುಗಟ್ಟಲೆ ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಮುಂತಾದ ನೋವಿನ ಗುಳಿಗೆಗಳು ಶರೀರದಲ್ಲಿ ಉಪ್ಪುನೀರನ್ನು ತಡೆಹಿಡಿಯುತ್ತವೆ, ಒತ್ತಡದ ಹಲವು ಔಷಧಿಗಳ ಬಲವನ್ನು ಕುಗ್ಗಿಸುತ್ತವೆ, ಮೂತ್ರಪಿಂಡಗಳಿಗೂ ಹಾನಿಮಾಡುತ್ತವೆ. ಮೂಗು ಕಟ್ಟಿದ್ದಕ್ಕೆ ಕೊಡುವ ಕೆಲವು ನೆಗಡಿಯ ಗುಳಿಗೆಗಳು, ಸ್ಟೀರಾಯ್ಡ್ ಔಷಧಿಗಳು, ಗರ್ಭನಿರೋಧಕ ಗುಳಿಗೆಗಳು, ಕಸಿ ಮಾಡಿಸಿಕೊಂಡವರಿಗೆ ಕೊಡುವ ಸೈಕ್ಲೋಸ್ಪೋರಿನ್ ಕೂಡ ಒತ್ತಡವನ್ನು ಏರಿಸಬಲ್ಲವು. ಮದ್ಯಪಾನದ ಮಾತನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ಮನೆಮದ್ದಿನಲ್ಲಿಯೂ ಒಂದು ಎಚ್ಚರ ಬೇಕು. ಕೆಮ್ಮಿಗೆಂದು ಬಳಸುವ ಜ್ಯೇಷ್ಠಮಧುವಿನಲ್ಲಿ ಗ್ಲಿಸಿರೈಜಿನ್ ಎಂಬ ಅಂಶವಿದೆ. ಶರೀರದ ಸಹಜ ಸ್ಟೀರಾಯ್ಡನ್ನು ಮೂತ್ರಪಿಂಡದಲ್ಲಿ ನಿಷ್ಕ್ರಿಯಗೊಳಿಸುವ ಕಿಣ್ವವನ್ನು ಅದು ತಡೆಯುತ್ತದೆ. ಆಗ ಉಪ್ಪು ಒಳಗೆ ಉಳಿಯುತ್ತದೆ, ಪೊಟ್ಯಾಸಿಯಂ ಹೊರಗೆ ಹರಿಯುತ್ತದೆ, ಒತ್ತಡ ಏರುತ್ತದೆ. ಎರಡು ದಿನ ಚೂರು ಅಗಿದರೆ ಕೇಡಿಲ್ಲ. ನಿತ್ಯದ ಕಷಾಯವನ್ನಾಗಿ ತಿಂಗಳುಗಟ್ಟಲೆ ಕುಡಿದರೆ ಕೇಡಿದೆ. ‘ಗಿಡಮೂಲಿಕೆಯಲ್ಲವೇ, ಏನಾದೀತು?’ ಎನ್ನುವವರು ಇದನ್ನು ಗಮನಿಸಬೇಕು.

ಅಡಗಿರುವ ಕಾರಣಗಳು

ಕೆಲವರಲ್ಲಿ ಏರೊತ್ತಡವು ಬೇರೊಂದು ರೋಗದ ನೆರಳಾಗಿರುತ್ತದೆ. ಮೂತ್ರಪಿಂಡಗಳ ಮೇಲೆ ಟೊಪ್ಪಿಗೆಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ಆಲ್ಡೋಸ್ಟಿರೋನ್ ಎಂಬ ಹಾರ್ಮೋನನ್ನು ಸುರಿಸುತ್ತವೆ. ಶರೀರದಲ್ಲಿ ಉಪ್ಪನ್ನು ಕಾಪಾಡುವುದು ಅದರ ಕೆಲಸ. ಅದು ಮಿತಿಮೀರಿದರೆ ಉಂಟಾಗುವ ರೋಗವನ್ನು ಅಮೆರಿಕದ ಮಿಚಿಗನ್ ವಿಶ್ವವಿದ್ಯಾಲಯದ ಡಾ. ಜೆರೋಮ್ ಕಾನ್ ಅವರು 1955ರಲ್ಲಿ ವರ್ಣಿಸಿದರು. ಬಹುಕಾಲ ಇದನ್ನು ಅಪರೂಪದ ರೋಗವೆಂದೇ ಎಣಿಸಲಾಗಿತ್ತು. ಮಣಿಯದ ಒತ್ತಡವುಳ್ಳವರಲ್ಲಿ ಸುಮಾರು ಐವರಿಗೊಬ್ಬರಲ್ಲಿ ಇದು ಇದೆಯೆಂದು ಈಗ ತಿಳಿದಿದೆ. ಒಂದು ರಕ್ತಪರೀಕ್ಷೆಯಿಂದ ಇದರ ಸುಳಿವು ಸಿಗುತ್ತದೆ. ಒಂದೇ ಕಡೆಯ ಗ್ರಂಥಿಯ ಗಂಟಾಗಿದ್ದರೆ ಶಸ್ತ್ರಚಿಕಿತ್ಸೆಯಿಂದ ತೆಗೆಯಬಹುದು. ಇಲ್ಲವಾದರೆ ಅದಕ್ಕೆ ತಕ್ಕ ಔಷಧಿಯಿದೆ.

ಮೂತ್ರಪಿಂಡಕ್ಕೆ ಹೋಗುವ ರಕ್ತನಾಳ ಕಿರಿದಾಗಿರುವುದು, ಥೈರಾಯಿಡ್ ಗ್ರಂಥಿಯ ಏರುಪೇರು, ಅಡ್ರಿನಲ್ ಗ್ರಂಥಿಯ ಇತರ ಗಡ್ಡೆಗಳು, ಹುಟ್ಟಿನಿಂದಲೇ ಮಹಾಅಪಧಮನಿಯ ಒಂದು ಭಾಗ ಇರುಕಾಗಿರುವುದು ಇನ್ನು ಕೆಲವು ಕಾರಣಗಳು. ಮೂವತ್ತು ವರ್ಷದೊಳಗೆ ಏರೊತ್ತಡ ಬಂದರೆ, ಇಳಿದಿದ್ದ ಒತ್ತಡ ಇದ್ದಕ್ಕಿದ್ದಂತೆ ಏರಿದರೆ, ರಕ್ತದಲ್ಲಿ ಪೊಟ್ಯಾಸಿಯಂ ಕಡಿಮೆಯಿದ್ದರೆ, ಆಗಾಗ ತಲೆನೋವು, ಬೆವರು, ಎದೆಬಡಿತ ಒಟ್ಟಾಗಿ ಬರುತ್ತಿದ್ದರೆ ಇವುಗಳನ್ನು ಹುಡುಕಲೇಬೇಕು.

ಅಲಕ್ಷ್ಯದ ಬೆಲೆ

ಅಮೆರಿಕದ ಕೊಲೊರಾಡೊ ಮತ್ತು ಉತ್ತರ ಕ್ಯಾಲಿಫೋರ್ನಿಯಾಗಳಲ್ಲಿ ಹೊಸದಾಗಿ ಏರೊತ್ತಡ ಪತ್ತೆಯಾದ ಎರಡು ಲಕ್ಷಕ್ಕೂ ಹೆಚ್ಚು ಜನರನ್ನು ಗಮನಿಸಿದ ಅಧ್ಯಯನವೊಂದು 2012ರಲ್ಲಿ ಪ್ರಕಟವಾಯಿತು. ಚಿಕಿತ್ಸೆ ಆರಂಭಿಸಿದ ಸುಮಾರು ಒಂದೂವರೆ ವರ್ಷದಲ್ಲಿ ಐವತ್ತು ಜನರಲ್ಲಿ ಒಬ್ಬರಷ್ಟು ಮಣಿಯದ ಒತ್ತಡದ ಗುಂಪಿಗೆ ಸೇರಿದ್ದರು. ಆನಂತರದ ಹೆಚ್ಚುಕಡಿಮೆ ನಾಲ್ಕು ವರ್ಷಗಳಲ್ಲಿ ಅವರಿಗೆ ಮರಣ, ಹೃದಯಾಘಾತ, ಹೃದಯ ವೈಫಲ್ಯ, ಪಾರ್ಶ್ವವಾಯು, ಮೂತ್ರಪಿಂಡದ ರೋಗ ಇವುಗಳ ಅಪಾಯ ಇತರ ಏರೊತ್ತಡದ ರೋಗಿಗಳಿಗಿಂತ ಶೇ. 47ರಷ್ಟು ಹೆಚ್ಚಾಗಿತ್ತು. ಅಂದರೆ ಗುಳಿಗೆ ನಾಟುತ್ತಿಲ್ಲವೆಂದು ಕೈಬಿಡಬೇಕಾದ ಹೊತ್ತು ಇದಲ್ಲ; ಮೊದಲಿಗಿಂತ ಬಿಗಿಯಾಗಿ ಕೈಹಿಡಿಯಬೇಕಾದ ಹೊತ್ತು.

ಇಂದಿನ ಚಿಕಿತ್ಸೆ

ಹತಾಶರಾಗಲು ಕಾರಣವಿಲ್ಲ. ಮಣಿಯದ ಒತ್ತಡದಲ್ಲಿ ಬಹುಮಟ್ಟಿಗೆ ಶರೀರವು ಉಪ್ಪುನೀರನ್ನು ಹೆಚ್ಚಾಗಿ ಹಿಡಿದಿಟ್ಟುಕೊಂಡಿರುತ್ತದೆ. ಆದುದರಿಂದ ತಕ್ಕ ಮೂತ್ರವರ್ಧಕವನ್ನು ತಕ್ಕ ಪ್ರಮಾಣದಲ್ಲಿ ಆರಿಸುವುದೇ ಮೊದಲ ಹೆಜ್ಜೆ. ಕ್ಲೋರ್‌ಥಾಲಿಡೋನ್ ಎಂಬ ಹಳೆಯ, ಅಗ್ಗದ ಔಷಧಿಯು ಮೂತ್ರಪಿಂಡಗಳು ತೀರ ದುರ್ಬಲವಾದವರಲ್ಲಿಯೂ ಒತ್ತಡವನ್ನು ಇಳಿಸಬಲ್ಲದೆಂದು 2021ರ ಅಧ್ಯಯನವೊಂದು ತೋರಿಸಿತು. ನಾಲ್ಕನೆಯ ಔಷಧಿಯಾಗಿ ಯಾವುದು ಉತ್ತಮವೆಂಬ ಪ್ರಶ್ನೆಗೆ ಬ್ರಿಟನ್ನಿನಲ್ಲಿ ನಡೆದು 2015ರಲ್ಲಿ ಪ್ರಕಟವಾದ ‘ಪಾತ್‌ವೇ-2’ ಎಂಬ ಪರೀಕ್ಷೆ ಉತ್ತರ ಕೊಟ್ಟಿತು. ಮೂರು ಔಷಧಿಗಳನ್ನು ಸರದಿಯ ಮೇಲೆ ಅದೇ ರೋಗಿಗಳಿಗೆ ಕೊಟ್ಟು ಹೋಲಿಸಿದಾಗ, ಆಲ್ಡೋಸ್ಟಿರೋನನ್ನು ತಡೆಯುವ ಸ್ಪೈರನೊಲ್ಯಾಕ್ಟೋನ್ ಎಲ್ಲಕ್ಕಿಂತ ಮೇಲೆನಿಸಿತು. ಇದೂ ಹಳೆಯದೇ, ದುಬಾರಿಯಲ್ಲದ್ದೇ. ಆದರೆ ಇದನ್ನು ವೈದ್ಯರ ಮೇಲ್ವಿಚಾರಣೆಯಲ್ಲಿ, ರಕ್ತದ ಪೊಟ್ಯಾಸಿಯಂ ಪರೀಕ್ಷಿಸುತ್ತ ತೆಗೆದುಕೊಳ್ಳಬೇಕು. ಕೆಲವು ಗಂಡಸರಲ್ಲಿ ಎದೆ ಊದಿಕೊಂಡು ನೋಯುವುದುಂಟು, ಆಗ ಬದಲಿ ಔಷಧಿಯಿದೆ.

ಮೂತ್ರಪಿಂಡದ ರಕ್ತನಾಳದ ಸುತ್ತಲಿನ ನರಗಳನ್ನು ನಾಳದೊಳಗಿನಿಂದ ಶಾಖ ಕೊಟ್ಟು ನಿಷ್ಕ್ರಿಯಗೊಳಿಸುವ ವಿಧಾನವೂ ಒಂದಿದೆ. 2014ರ ದೊಡ್ಡ ಪರೀಕ್ಷೆಯೊಂದರಲ್ಲಿ ಅದು ಹುಸಿ ಚಿಕಿತ್ಸೆಗಿಂತ ಮಿಗಿಲೆಂದು ಸಿದ್ಧವಾಗಲಿಲ್ಲ. ಉಪಕರಣಗಳು ಸುಧಾರಿಸಿ, ಹೊಸ ಪರೀಕ್ಷೆಗಳು ನಡೆದ ಮೇಲೆ 2023ರ ನವೆಂಬರಿನಲ್ಲಿ ಅಮೆರಿಕ ಸರ್ಕಾರದ ಔಷಧ ನಿಯಂತ್ರಕರು ಅದಕ್ಕೆ ಒಪ್ಪಿಗೆ ಕೊಟ್ಟರು. 2024ರ ಮಾರ್ಚಿನಲ್ಲಿ ಆಪ್ರೊಸಿಟೆಂಟಾನ್ ಎಂಬ ಹೊಸ ವರ್ಗದ ಗುಳಿಗೆಗೂ ಅಲ್ಲಿ ಅನುಮತಿ ದೊರೆಯಿತು. ಇವು ಕೊನೆಯ ಮೆಟ್ಟಿಲುಗಳು. ಕೆಳಗಿನ ಮೆಟ್ಟಿಲುಗಳನ್ನು ಹತ್ತದೆ ಇವುಗಳತ್ತ ಕೈಚಾಚುವುದರಲ್ಲಿ ಅರ್ಥವಿಲ್ಲ.

ಮನೆಯವರ ಪಾಲು

ಈ ರೋಗದ ಚಿಕಿತ್ಸೆಯಲ್ಲಿ ಮನೆಯವರೆಲ್ಲರ ಪಾತ್ರವಿದೆ. ಹಿರಿಯರಿಗೆಂದು ಬೇರೆ ಸಪ್ಪೆ ಅಡುಗೆ ಮಾಡಿ ಅವರನ್ನು ಪಂಕ್ತಿಯಿಂದ ದೂರವಿಟ್ಟಂತೆ ಮಾಡುವುದಕ್ಕಿಂತ, ಮನೆಯ ಅಡುಗೆಯಲ್ಲಿಯೇ ಉಪ್ಪನ್ನು ವಾರವಾರವೂ ಸ್ವಲ್ಪ ಸ್ವಲ್ಪ ಇಳಿಸುವುದು ಲೇಸು. ಕೆಲವು ವಾರಗಳಲ್ಲಿ ನಾಲಿಗೆ ಅದಕ್ಕೆ ಒಗ್ಗಿಕೊಳ್ಳುತ್ತದೆ. ಮಕ್ಕಳಿಗೂ ಒಳ್ಳೆಯ ಅಭ್ಯಾಸ ಬೀಳುತ್ತದೆ. ನಿಂಬೆ, ಹುಣಸೆ, ಜೀರಿಗೆ, ಕೊತ್ತಂಬರಿ, ಬೆಳ್ಳುಳ್ಳಿಗಳು ಉಪ್ಪಿನ ಕೊರತೆಯನ್ನು ಮರೆಸುತ್ತವೆ. ಉಪ್ಪಿನಕಾಯಿಯ ಭರಣಿ ಊಟದ ಸಾಲಿನಿಂದ ಒಳಗೆ ಹೋಗಲಿ. ಹಬ್ಬಕ್ಕೆ ಹೊರಗೆ ಬರಲಿ.

ವೈದ್ಯರನ್ನು ಕಾಣುವಾಗ ಮನೆಯಲ್ಲಿರುವ ಎಲ್ಲ ಔಷಧಿಗಳನ್ನು, ನೋವಿನ ಗುಳಿಗೆ, ಚೂರ್ಣ, ಕಷಾಯದ ಪುಡಿ ಸಹಿತ, ಒಂದು ಚೀಲದಲ್ಲಿ ಹಾಕಿಕೊಂಡು ಹೋಗಬೇಕು. ವಾರದ ಅಳತೆಯ ಹಾಳೆ ಜೊತೆಯಲ್ಲಿರಲಿ. ಗುಳಿಗೆ ತಪ್ಪಿದ ದಿನಗಳನ್ನು ಮುಚ್ಚಿಡದೆ ಹೇಳಬೇಕು. ಖರ್ಚು ಹೆಚ್ಚಾಯಿತೆಂದರೆ ಅದನ್ನೂ ಹೇಳಬೇಕು. ಅಗ್ಗದ ಗುಳಿಗೆಗಳೂ, ಎರಡು ಮೂರು ಔಷಧಿಗಳನ್ನು ಒಂದರಲ್ಲೇ ಕೂಡಿಸಿದ ಗುಳಿಗೆಗಳೂ ಇವೆ. ಯಾವ ಗುಳಿಗೆಯನ್ನೂ ತಾವಾಗಿಯೇ ಒಮ್ಮೆಲೇ ನಿಲ್ಲಿಸಬಾರದು. ಕೆಲವನ್ನು ಹಾಗೆ ನಿಲ್ಲಿಸಿದರೆ ಒತ್ತಡ ಮೊದಲಿಗಿಂತ ಮೇಲಕ್ಕೆ ಚಿಮ್ಮುತ್ತದೆ. ಮುಖ ಸೊಟ್ಟಗಾದರೆ, ಕೈಕಾಲು ಸೋತರೆ, ಮಾತು ತೊದಲಿದರೆ, ಎದೆ ಬಿಗಿದರೆ ಮನೆಮದ್ದಿಗಾಗಿ ಕಾಯದೆ 108ಕ್ಕೆ ಕರೆಮಾಡಬೇಕು.

ನಾಲ್ಕು ಗುಳಿಗೆ ಬೇಕಾಗುವುದು ರೋಗಿಯ ತಪ್ಪಲ್ಲ. ವೈದ್ಯರ ಸೋಲೂ ಅಲ್ಲ. ಹತ್ತು ಜನರಲ್ಲಿ ಒಬ್ಬರಿಗೆ ಶರೀರದ ಸ್ವಭಾವವೇ ಹಾಗಿರುತ್ತದೆ. ಉಳಿದ ಒಂಬತ್ತು ಜನರಿಗೆ ಸಾಕಾದದ್ದು ಅವರಿಗೆ ಸಾಲದು, ಅಷ್ಟೇ. ಆದರೆ ನಾಲ್ಕನೆಯದನ್ನು ಆರಂಭಿಸುವ ಮೊದಲು ಅಳತೆ, ಅಭ್ಯಾಸ, ಉಪ್ಪು, ನಿದ್ದೆ, ನೋವಿನ ಗುಳಿಗೆ ಎಂಬ ಐದು ಬಾಗಿಲುಗಳನ್ನು ತಟ್ಟಿ ನೋಡಿದ್ದೇವೆಯೇ ಎಂದು ಮನೆಮಂದಿಯೆಲ್ಲ ಕುಳಿತು ಕೇಳಿಕೊಳ್ಳುವುದು ಒಳಿತು. ಹಾಗೆ ಕೇಳಿಕೊಂಡ ಮನೆಗಳಲ್ಲಿ ಎಷ್ಟೋ ಸಲ ಆ ನಾಲ್ಕನೆಯ ಗುಳಿಗೆಯ ಅಗತ್ಯವೇ ಬೀಳುವುದಿಲ್ಲ. ಬಿದ್ದರೂ ಅದು ತನ್ನ ಕೆಲಸವನ್ನು ಸರಿಯಾಗಿ ಮಾಡುತ್ತದೆ.